ಆಸ್ಪತ್ರೆಯಲ್ಲಿ ಒಂದು ‘ಯಾ’: ಸ್ಪ್ಯಾನಿಷ್ ದುಭಾಷಿಯ ಅನುಭವದ ಪಾಠಗಳು

ಅಮೆರಿಕದ ಹ್ಯೂಸ್ಟನ್ ನಗರದ ಆಸ್ಪತ್ರೆಗಳಲ್ಲಿ ಸ್ಪ್ಯಾನಿಷ್-ಇಂಗ್ಲಿಷ್ ದುಭಾಷಿಯಾಗಿರುವುದು ನನ್ನ ಕೆಲಸ. ಸಂಜೆ ಹೊತ್ತು ನರ್ಸುಗಳಿಗೆ, ಆಗಷ್ಟೇ ಕೆಲಸಕ್ಕೆ ಸೇರಿದ ಡಾಕ್ಟರುಗಳಿಗೆ ಸ್ಪ್ಯಾನಿಷ್ ಹೇಳಿಕೊಡುತ್ತೇನೆ. ಅವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಆದರೂ ಕಾಯಿಲೆಗಳ ಹೆಸರು, ಅಂಗಾಂಗಗಳ ಹೆಸರು ಬಹಳ ಬೇಗ ಕಲಿತುಬಿಡುತ್ತಾರೆ. ವೈದ್ಯಕೀಯ ಪದಗಳಲ್ಲಿ ಬಹಳಷ್ಟು ಎರಡೂ ಭಾಷೆಗೆ ಲ್ಯಾಟಿನ್, ಗ್ರೀಕ್‌ಗಳಿಂದ ಬಂದಿರುವುದರಿಂದ ಅದು ಕಷ್ಟವೇ ಅಲ್ಲ. ಅವರು ತಡವರಿಸುವುದು ಕನ್ನಡದಲ್ಲಿ ಬರೆದರೆ ಒಂದೇ ಅಕ್ಷರದಲ್ಲಿ ಮುಗಿಯುವ ಪದದ ಮುಂದೆ: ‘ಯಾ’. ರೋಗಿಯ ಬಾಯಲ್ಲಿ ನಿಮಿಷಕ್ಕೊಮ್ಮೆ ಬರುವ ಈ ಪದವನ್ನು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಮದ್ದಿನ ಲೆಕ್ಕ ತಪ್ಪುತ್ತದೆ, ಹೊಟ್ಟೆ ಖಾಲಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ, ಒಪ್ಪಿಗೆ ಸಿಕ್ಕಿತೋ ಇಲ್ಲವೋ ಗೊತ್ತಾಗುವುದಿಲ್ಲ. ವಾರ್ಡುಗಳಲ್ಲಿ ನಿಂತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ‘ಯಾ’ ಗಡಿಯಾರ ನೋಡಿ ಆಡುವ ಮಾತಲ್ಲ

ಇಂಗ್ಲಿಷ್ ಮಾತಿನವರ ಪಠ್ಯಪುಸ್ತಕಗಳು ಮೊದಲ ಪಾಠದಲ್ಲೇ ‘ಯಾ ಅಂದರೆ ಆಲ್‌ರೆಡಿ’ ಎಂದು ಕಲಿಸಿಬಿಡುತ್ತವೆ. ಆಮೇಲಿನ ಎಷ್ಟೋ ಗೊಂದಲಗಳಿಗೆ ಇದೇ ಮೂಲ ಎಂಬುದು ನನ್ನ ಖಚಿತ ಅಭಿಪ್ರಾಯ. ಲ್ಯಾಟಿನ್ನಿನ ‘ಯಾಮ್’ ಎಂಬ ಪದ ಪೋರ್ಚುಗೀಸಿನಲ್ಲಿ ‘ಜಾ’, ಇಟಾಲಿಯನ್ನಿನಲ್ಲಿ ಅದಕ್ಕೆ ಹತ್ತಿರದ ಉಚ್ಚಾರದ ಪದ, ಸ್ಪ್ಯಾನಿಷ್‌ನಲ್ಲಿ ‘ಯಾ’ ಆಗಿ ಉಳಿದಿದೆ. ಅದು ಎಷ್ಟು ಗಂಟೆ ಎಂದು ಹೇಳುವುದಿಲ್ಲ. ಒಂದು ಸ್ಥಿತಿ ಮುಗಿದು ಇನ್ನೊಂದು ಸ್ಥಿತಿ ಬಂತು, ಹೊಸ್ತಿಲು ದಾಟಿ ಆಯಿತು ಎಂದಷ್ಟೇ ಹೇಳುತ್ತದೆ. ಆ ದಾಟುವಿಕೆಯನ್ನು ಮಾತಾಡುವವರೋ ಕೇಳುವವರೋ ಎದುರುನೋಡುತ್ತಿದ್ದರು ಎಂಬ ಸೂಚನೆಯೂ ಅದರೊಳಗೇ ಇರುತ್ತದೆ.

‘ಯಾ ಯೆಗೋ ಎಲ್ ದೊಕ್ತೋರ್’ ಎಂದು ರೋಗಿಯ ಮಗಳು ಹೇಳಿದರೆ ‘ಡಾಕ್ಟರು ಬಂದರು’ ಎಂದರ್ಥ. ಕಾಯುತ್ತಿದ್ದರು, ಬಂದರು, ಅಷ್ಟೇ. ಇದನ್ನೇ ಇಂಗ್ಲಿಷ್‌ಗೆ ‘ಆಲ್‌ರೆಡಿ’ ಸೇರಿಸಿ ತಂದರೆ ‘ಅಯ್ಯೋ, ಇಷ್ಟು ಬೇಗ ಬಂದುಬಿಟ್ಟರಾ!’ ಎಂಬ ಬೆರಗು ಕೂಡಿಕೊಳ್ಳುತ್ತದೆ. ಆ ಬೆರಗು ಮಗಳ ಮಾತಿನಲ್ಲಿ ಇರಲೇ ಇಲ್ಲ.

2. ನಾಲ್ಕು ಮೂಲೆಗಳನ್ನು ಒಟ್ಟಿಗೇ ಕಲಿಯಬೇಕು

‘ಯಾ’ವನ್ನು ಒಂಟಿಯಾಗಿ ಕಲಿಸಬಾರದು. ಅದರ ಜೋಡಿ ‘ತೊದವಿಯಾ’, ಅಂದರೆ ‘ಇನ್ನೂ’. ಎರಡಕ್ಕೂ ‘ನೋ’ ಸೇರಿಸಿದರೆ ಒಟ್ಟು ನಾಲ್ಕು ಮಾತುಗಳಾಗುತ್ತವೆ. ತರಗತಿಯಲ್ಲಿ ಇದನ್ನು ನಾನು ಮಂಡಿಯ ಶಸ್ತ್ರಚಿಕಿತ್ಸೆಯಾದ ರೋಗಿಯ ಉದಾಹರಣೆಯಿಂದಲೇ ಹೇಳಿಕೊಡುವುದು, ಏಕೆಂದರೆ ಅಲ್ಲಿ ನಾಲ್ಕೂ ಮಾತು ಒಂದರ ಹಿಂದೊಂದು ಬರುತ್ತವೆ.

ಕಾಲಿನ ನರಕ್ಕೆ ಮರಗಟ್ಟಿಸುವ ಮದ್ದು ಕೊಟ್ಟಿರುತ್ತಾರೆ. ಆಪರೇಷನ್ ಮುಗಿದು ವಾರ್ಡಿಗೆ ಬಂದಾಗ ರೋಗಿ ಹೇಳುವುದು ‘ತೊದವಿಯಾ ನೋ ಮೆ ದುಎಲೆ’: ಇನ್ನೂ ನೋವು ಶುರುವಾಗಿಲ್ಲ. ಕೆಲವು ಗಂಟೆ ಕಳೆದು ಮದ್ದಿನ ಪ್ರಭಾವ ಇಳಿಯತೊಡಗಿದಾಗ ‘ಯಾ ಮೆ ದುಎಲೆ’: ಈಗ ನೋಯುತ್ತಿದೆ. ಮಾತ್ರೆ ಕೊಟ್ಟ ಮೇಲೂ ‘ತೊದವಿಯಾ ಮೆ ದುಎಲೆ’ ಎಂದರೆ ಇನ್ನೂ ನೋವಿದೆ. ಕೊನೆಗೆ ‘ಯಾ ನೋ ಮೆ ದುಎಲೆ’: ನೋವು ಹೋಯಿತು.

ಇಂಗ್ಲಿಷ್ ಈ ನಾಲ್ಕಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದೆ: ಯೆಟ್, ಆಲ್‌ರೆಡಿ ಅಥವಾ ನೌ, ಸ್ಟಿಲ್, ಎನಿಮೋರ್. ಒಂದು ಪ್ರಶ್ನೆಯಲ್ಲಿ ಬರಬೇಕು, ಇನ್ನೊಂದು ನಿಷೇಧದಲ್ಲಿ ಬರಬೇಕು ಎಂಬ ಕಟ್ಟುಪಾಡುಗಳೂ ಅದಕ್ಕಿವೆ. ಆದ್ದರಿಂದ ಇಂಗ್ಲಿಷ್ ಮಾತಿನವರ ಕಿವಿ ನಾಲ್ಕು ಪದಗಳಿಗಾಗಿ ಹುಡುಕುತ್ತಿರುತ್ತದೆ. ಸ್ಪ್ಯಾನಿಷ್ ಎರಡರಲ್ಲೇ ಮುಗಿಸಿ ಮುಂದೆ ಹೋಗಿರುತ್ತದೆ. ಈ ನಾಲ್ಕು ಮೂಲೆ ಬಾಯಿಪಾಠವಾದ ನರ್ಸ್ ನೋವಿನ ಚಾರ್ಟನ್ನು ತಾನೇ ಬರೆಯಬಲ್ಲಳು. ಹಾಗಾಗದೆ ಮುಂದಿನ ಪಾಠಕ್ಕೆ ನಾನು ಹೋಗುವುದಿಲ್ಲ.

3. ‘ಯಾ ನೋ’ ಎಂದರೆ ಬರಿಯ ‘ಇಲ್ಲ’ ಅಲ್ಲ

ಇಡೀ ಬರಹದಲ್ಲಿ ಒಂದೇ ಒಂದು ಪಾಠ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಸಕ್ಕರೆ ಕಾಯಿಲೆಯ ರೋಗಿಯನ್ನು ಡಾಕ್ಟರು ಕೇಳುತ್ತಾರೆ: ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೀರಾ? ಆಕೆಯ ಉತ್ತರ: ‘ಯಾ ನೋ.’ ಅರೆಬರೆ ಸ್ಪ್ಯಾನಿಷ್ ಬಲ್ಲ ಸಿಬ್ಬಂದಿ ‘ಇಲ್ಲ’ ಎಂದು ಬರೆದುಕೊಂಡು ಮುಂದಿನ ಮಾತ್ರೆಯ ಹೆಸರಿಗೆ ಹೋಗುತ್ತಾರೆ. ಆದರೆ ಆಕೆ ಹೇಳಿದ್ದು ‘ತೆಗೆದುಕೊಳ್ಳುತ್ತಿದ್ದೆ, ಈಗ ಬಿಟ್ಟಿದ್ದೇನೆ’ ಎಂದು. ‘ನೋ ಲಾ ತೋಮೋ’ ಎಂದಿದ್ದರೆ ಬರಿಯ ‘ತೆಗೆದುಕೊಳ್ಳುವುದಿಲ್ಲ’. ‘ಯಾ ನೋ ಲಾ ತೋಮೋ’ ಎಂದಾಗ ಅದರ ಹಿಂದೆ ಒಂದು ಕಥೆ ಇದೆ, ಆ ಕಥೆಯನ್ನು ಕೇಳುವುದು ವೈದ್ಯರ ಕರ್ತವ್ಯ.

ಯಾವಾಗ ಬಿಟ್ಟಿರಿ? ಯಾಕೆ ಬಿಟ್ಟಿರಿ? ಈ ಎರಡು ಪ್ರಶ್ನೆ ಕೇಳಿದರೆ ಉತ್ತರಗಳು ತಾವಾಗಿ ಬರುತ್ತವೆ. ಮೆಟ್‌ಫಾರ್ಮಿನ್ ಕೆಲವರಿಗೆ ಹೊಟ್ಟೆ ಕೆಡಿಸುತ್ತದೆ, ಭೇದಿ ತರುತ್ತದೆ. ಅದಕ್ಕೆ ನಿಧಾನವಾಗಿ ಕರಗುವ ಬೇರೆ ಬಗೆಯ ಮಾತ್ರೆ ಇದೆ. ಕೆಲವರಿಗೆ ದುಡ್ಡು ಸಾಲದೆ ಹೋಗಿರುತ್ತದೆ. ಕೆಲವರ ಚೀಟಿಯ ಅವಧಿ ಮುಗಿದಿರುತ್ತದೆ, ಮತ್ತೆ ಬರೆಸಿಕೊಳ್ಳಬೇಕೆಂದು ಯಾರೂ ಹೇಳಿರುವುದಿಲ್ಲ. ನಾನು ಹೆಚ್ಚಾಗಿ ಕೇಳುವ ಉತ್ತರದಲ್ಲಿ ಮಾತ್ರ ಇನ್ನೊಂದು ‘ಯಾ’ ಇರುತ್ತದೆ: ‘ಪೊರ್ಕೆ ಯಾ ಮೆ ಸಿಯೆಂತೋ ಬಿಯೆನ್’, ಈಗ ಹುಷಾರಾಗಿದ್ದೇನಲ್ಲ, ಅದಕ್ಕೆ. ರಕ್ತದೊತ್ತಡದ ಮಾತ್ರೆಯನ್ನು ಜನ ಬಿಡುವುದೂ ಇದೇ ಕಾರಣಕ್ಕೆ. ಹುಷಾರಾಗಿರುವುದು ಮಾತ್ರೆಯಿಂದಲೇ ಎಂದು ತಿಳಿಸಿಹೇಳಲು ಡಾಕ್ಟರಿಗೆ ಸಿಗುವ ಅವಕಾಶ ಆ ಗಳಿಗೆಯಲ್ಲಿ ಇರುತ್ತದೆ. ‘ಇಲ್ಲ’ ಎಂದು ಬರೆದುಕೊಂಡು ಹೋದರೆ ಅದು ಕೈತಪ್ಪುತ್ತದೆ.

ಇಂಗ್ಲಿಷ್ ಕಿವಿಗೆ ಇಲ್ಲಿ ಇನ್ನೂ ಒಂದು ತೊಡಕಿದೆ. ಅವರ ‘ಯೆಯ’ ಎಂಬ ಹೂಂಗುಟ್ಟುವಿಕೆಯೂ ಈ ‘ಯಾ’ವೂ ಕೇಳಲು ಒಂದೇ ತರಹ. ಅಮೆರಿಕನ್ನರ ಆಡುಮಾತಿನಲ್ಲಿ ‘ಯೆಯ, ನೋ’ ಎಂದು ಜೊತೆಗೂಡಿಸಿ ಹೇಳುವ ರೂಢಿಯೂ ಇದೆ, ಒಂದು ಬಗೆಯ ಮೆದುವಾದ ನಿರಾಕರಣೆಯಾಗಿ. ‘ಯಾ ನೋ’ ಅವರಿಗೆ ಹಾಗೇ ಕೇಳಿಸಿಬಿಡುತ್ತದೆ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಒಂದು ಕಟ್ಟುನಿಟ್ಟು: ‘ಯಾ ನೋ’ ಕಿವಿಗೆ ಬಿದ್ದ ಕೂಡಲೇ ಪೆನ್ನು ಕೆಳಗಿಡಿ, ‘ಯಾವಾಗಿನಿಂದ?’ ಎಂದು ಕೇಳಿ.

4. ‘ಊಟ ಆಯ್ತಾ?’ ಎಂದು ಕೇಳಿ ಅರಿವಳಿಕೆ ಕೊಡಬೇಡಿ

ಅರಿವಳಿಕೆ ಕೊಡುವ ಮೊದಲು ಹೊಟ್ಟೆ ಖಾಲಿಯಿರಬೇಕು. ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಮಾರ್ಗಸೂಚಿಯಂತೆ ತಿಳಿನೀರು, ಹಾಲಿಲ್ಲದ ಕಾಫಿಯಂಥ ಪಾನೀಯಕ್ಕೆ ಕನಿಷ್ಠ 2 ಗಂಟೆ, ಹಗುರ ಆಹಾರಕ್ಕೆ, ಹಸುವಿನ ಹಾಲಿಗೆ 6 ಗಂಟೆ, ಕರಿದದ್ದು ಕೊಬ್ಬಿನದ್ದು ತಿಂದಿದ್ದರೆ 8 ಗಂಟೆ ಅಥವಾ ಇನ್ನೂ ಹೆಚ್ಚು ಅಂತರ ಬೇಕು.

ಈಗ, ಹೊಸದಾಗಿ ಸ್ಪ್ಯಾನಿಷ್ ಕಲಿತ ನರ್ಸ್ ಉತ್ಸಾಹದಿಂದ ‘ಯಾ ಕೊಮಿಯೋ?’ ಎಂದು ಕೇಳುತ್ತಾಳೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ‘ಯಾ’ ಸೇರಿದ ತಕ್ಷಣ ಅದು ನಮ್ಮ ‘ಊಟ ಆಯ್ತಾ?’ ಆಗಿಬಿಡುತ್ತದೆ: ಊಟದ ಹೊತ್ತಾಗಿದೆ, ಆಗಿರಬೇಕಿತ್ತು, ಆಯಿತೇ ಎಂಬ ಉಪಚಾರದ ಮಾತು. ರೋಗಿಯೂ ಅದನ್ನು ಉಪಚಾರವಾಗಿಯೇ ತೆಗೆದುಕೊಂಡು ‘ತೊದವಿಯಾ ನೋ, ಸೆನ್ಯೊರೀತಾ’ ಎಂದು ನಗುತ್ತಾನೆ. ಬೆಳಗ್ಗೆ ಆರಕ್ಕೆ ಹಾಲು ಹಾಕಿದ ಕಾಫಿ ಕುಡಿದು, ಅದರಲ್ಲಿ ಅದ್ದಿಕೊಂಡು ಒಂದು ಸಿಹಿ ಬನ್ನು ತಿಂದದ್ದು ಆತನ ಲೆಕ್ಕಕ್ಕೆ ಊಟವಲ್ಲ. ನಮ್ಮೂರಿನಲ್ಲೂ ಅಲ್ಲವಷ್ಟೆ? ಕಾಫಿ ಬಿಸ್ಕತ್ತು ಆದವರೂ ‘ಊಟ ಇನ್ನೂ ಇಲ್ಲ’ ಎಂದೇ ಹೇಳುತ್ತಾರೆ.

ಆದ್ದರಿಂದ ‘ಯಾ’ ತೆಗೆದುಹಾಕಿ ಕೇಳಬೇಕು. ಇವತ್ತು ಬಾಯಿಗೆ ಏನಾದರೂ ಹಾಕಿಕೊಂಡಿರಾ, ನೀರೂ ಸೇರಿ? ಕೊನೆಯದಾಗಿ ಏನು ತಿಂದಿರಿ, ಎಷ್ಟು ಗಂಟೆಗೆ? ಕಾಫಿ? ಹಾಲು ಹಾಕಿತ್ತೇ? ದುಭಾಷಿಯಾಗಿ ನಾನು ಆಡಿದ ಮಾತನ್ನಷ್ಟೇ ದಾಟಿಸಬೇಕು, ನನ್ನದನ್ನು ಸೇರಿಸುವಂತಿಲ್ಲ. ಆದರೆ ಅಪಾರ್ಥವಾಗುತ್ತಿದೆ ಎನಿಸಿದಾಗ ‘ದುಭಾಷಿ ಒಂದು ಸ್ಪಷ್ಟನೆ ಕೇಳಬಯಸುತ್ತಾರೆ’ ಎಂದು ಎರಡೂ ಕಡೆಯವರಿಗೆ ತಿಳಿಸಿ ಮಧ್ಯೆ ಬರಲು ನಮ್ಮ ವೃತ್ತಿನಿಯಮ ಅವಕಾಶ ಕೊಡುತ್ತದೆ. ಹಿಂಜರಿಯದೆ ಆ ಅವಕಾಶವನ್ನು ಬಳಸುವ ಜಾಗಗಳಲ್ಲಿ ಇದೊಂದು.

5. ‘ಯಾ, ಯಾ’ ಎಂದು ತಲೆಯಾಡಿಸಿದರೆ ಒಪ್ಪಿಗೆಯಲ್ಲ

ಸ್ಪ್ಯಾನಿಷ್‌ನಲ್ಲಿ ‘ಹೌದು’ ಎನ್ನುವುದಕ್ಕೆ ‘ಸೀ’ ಇದೆ. ‘ಯಾ’ ಎಂದರೆ ‘ಹೂಂ, ಕೇಳಿಸಿತು’, ‘ಹೂಂ, ತಿಳಿಯಿತು’. ಸ್ಪೇನ್ ದೇಶದವರು ಸ್ವರ ಎಳೆದು ‘ಯಾ, ಯಾ’ ಎಂದರೆ ‘ಹೇಳ್ತಾ ಇರಿ, ನಾನು ನಂಬಿದ ಹಾಗೇ ಇದೆ’ ಎಂಬ ಅನುಮಾನವೂ ಅದರಲ್ಲಿರಬಹುದು. ‘ಯಾ ಲೋ ಸೇ’ ಎಂದರೆ ‘ಅದು ನನಗೆ ಗೊತ್ತಿದೆ’. ಸ್ವರ ಸ್ವಲ್ಪ ಗಡುಸಾದರೆ ‘ಗೊತ್ತಿದೆ, ಮತ್ತೆ ಮತ್ತೆ ಹೇಳಬೇಡಿ’.

ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ ಓದಿ ಹೇಳುವಾಗ ಡಾಕ್ಟರು ರೋಗಿಯ ಮುಖ ನೋಡುತ್ತಾರೆ. ಪ್ರತಿ ವಾಕ್ಯಕ್ಕೂ ‘ಯಾ’ ಬರುತ್ತಿದ್ದರೆ ಎಲ್ಲವನ್ನೂ ಒಪ್ಪುತ್ತಿದ್ದಾರೆ ಎಂದುಕೊಳ್ಳುವುದು ಸಹಜ. ಅದು ಒಪ್ಪಿಗೆಯಲ್ಲ. ತಿಳಿದದ್ದನ್ನು ರೋಗಿಯ ಬಾಯಿಂದಲೇ ಹೇಳಿಸುವ ಪದ್ಧತಿ ಇಲ್ಲಿನ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ: ‘ಮನೆಗೆ ಹೋಗಿ ಹೆಂಡತಿಗೆ ಏನೆಂದು ಹೇಳುತ್ತೀರಿ, ನನಗೆ ಒಮ್ಮೆ ಹೇಳಿ.’ ಈ ಪ್ರಶ್ನೆಗೆ ‘ಯಾ’ ಎಂದು ಉತ್ತರಿಸಲು ಬರುವುದಿಲ್ಲ. ಅಮೆರಿಕದ 2010ರ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್, ಅದಕ್ಕೂ ಹಿಂದಿನ 1964ರ ನಾಗರಿಕ ಹಕ್ಕುಗಳ ಕಾಯ್ದೆ ರೋಗಿಗೆ ತನ್ನ ಭಾಷೆಯಲ್ಲಿ ತಿಳಿದುಕೊಳ್ಳುವ ಹಕ್ಕಿಗೆ ಆಧಾರವಾಗಿವೆ. ಆ ಹಕ್ಕು ಕಾಗದದಿಂದ ಹಾಸಿಗೆಯ ಪಕ್ಕಕ್ಕೆ ಬರುವುದು ಇಂಥ ಪ್ರಶ್ನೆಗಳಿಂದ.

6. ಶುರುವಿಗೂ ‘ಯಾ’, ಮುಗಿತಾಯಕ್ಕೂ ‘ಯಾ’

ಹೆರಿಗೆ ಕೋಣೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ‘ಯಾ ವಿಯೆನೆ!’ ಎಂದು ತಾಯಿ ಕೂಗಿದರೆ ಮಗು ಬರುತ್ತಿದೆ. ಸೂಲಗಿತ್ತಿ ನರ್ಸ್ ‘ಯಾ ಕಾಸಿ, ಯಾ ಕಾಸಿ’ ಎಂದು ಧೈರ್ಯ ತುಂಬುತ್ತಾಳೆ: ಆಗೋಯ್ತು, ಇನ್ನೊಂಚೂರು. ಮಗು ಹೊರಬಂದ ಮೇಲೆ ‘ಯಾ, ಯಾ, ಯಾ ಎಸ್ತಾ’: ಆಯ್ತಮ್ಮ, ಎಲ್ಲ ಮುಗೀತು. ಮೂರರಲ್ಲೂ ‘ಯಾ’ ಇದೆ. ಒಂದು ಆಗುತ್ತಿರುವುದಕ್ಕೆ, ಒಂದು ಆಗಲಿರುವುದಕ್ಕೆ, ಒಂದು ಆದದ್ದಕ್ಕೆ. ಇಂಗ್ಲಿಷ್ ಮಾತಿನ ಗಂಡ ಪಕ್ಕದಲ್ಲಿ ನಿಂತಿದ್ದರೆ ಒಂದಕ್ಕೂ ‘ಆಲ್‌ರೆಡಿ’ ಬಳಸಿ ಹೇಳಲಾಗುವುದಿಲ್ಲ.

ಸೂಜಿ ಚುಚ್ಚುವಾಗ ಮಾತ್ರ ಎಚ್ಚರಿಕೆ ಬೇಕು. ಮಕ್ಕಳ ಓಟದ ಪಂದ್ಯ ಶುರುವಾಗುವುದು ‘ಉನೋ, ದೋಸ್, ತ್ರೆಸ್, ಯಾ!’ ಎಂದು, ಅಲ್ಲಿ ‘ಯಾ’ ಎಂದರೆ ‘ಓಡು’. ಕಣ್ಣು ಮುಚ್ಚಿಕೊಂಡ ಹುಡುಗ ‘ಯಾ?’ ಎಂದು ಕೇಳುವುದು ‘ಮುಗೀತಾ?’ ಎಂದು. ನರ್ಸ್ ‘ಯಾ’ ಎಂದರೆ ಮುಗಿಯಿತು ಎಂದು ಕೈ ಎಳೆದುಕೊಳ್ಳುತ್ತಾನೆ. ಆಕೆ ಹೇಳಿದ್ದು ‘ಈಗ ಚುಚ್ಚುತ್ತೇನೆ’ ಎಂದು. ಮುಗಿದಾಗ ‘ಯಾ ತೆರ್ಮಿನೇ’, ಮುಗಿಸಿದೆ, ಎಂದು ಪೂರ್ತಿ ಹೇಳುವುದೇ ಕ್ಷೇಮ.

ಭವಿಷ್ಯದ ಕ್ರಿಯಾಪದದ ಜೊತೆ ಬಂದ ‘ಯಾ’ ಬೇರೆಯೇ ಬಣ್ಣದ್ದು. ‘ಯಾ ವೆರೇಮೋಸ್’ ಎಂದರೆ ‘ನೋಡೋಣ’. ಕನ್ನಡದ ‘ನೋಡೋಣ’ದಂತೆಯೇ ಅದು ಭರವಸೆಯೂ ಆಗಬಹುದು, ನಯವಾಗಿ ಜಾರಿಕೊಳ್ಳುವುದೂ ಆಗಬಹುದು. ಮುಂದಿನ ತಪಾಸಣೆಗೆ ಬರುತ್ತೀರಾ ಎಂದು ಕೇಳಿದಾಗ ಈ ಉತ್ತರ ಬಂದರೆ, ಬರಲು ಏನು ಅಡ್ಡಿ ಎಂದು ವಿಚಾರಿಸಬೇಕು. ಬಸ್ಸು ಇರುವುದಿಲ್ಲ, ರಜೆ ಸಿಗುವುದಿಲ್ಲ, ಮಗುವನ್ನು ನೋಡಿಕೊಳ್ಳಲು ಜನವಿಲ್ಲ.

7. ದೇಶ ಕೇಳಿಕೊಂಡು ಅರ್ಥ ಮಾಡಿಕೊಳ್ಳಿ

ಮೆಕ್ಸಿಕೋದವರು ‘ಯಾ ಮೇರೋ’ ಎಂದರೆ ‘ಇನ್ನೇನು ಆಗುತ್ತೆ’. ಚಿಲಿಯಲ್ಲಿ ಬರಿಯ ‘ಯಾ’ ಎಂದರೆ ‘ಸರಿ, ಆಗಲಿ’. ಐದನೆಯ ಪಾಠದಲ್ಲಿ ಹೇಳಿದ್ದಕ್ಕೆ ಅಷ್ಟರಮಟ್ಟಿಗೆ ಅಪವಾದ. ಅದಕ್ಕೆ ‘ಪೋ’ ಸೇರಿಸಿ ‘ಯಾ ಪೋ’ ಎನ್ನುವುದೂ ಅವರ ರೂಢಿ. ಅರ್ಜೆಂಟೀನಾದವರು ‘ದೆಸ್ದೆ ಯಾ’ ಎಂದು ಮುಂಗಡವಾಗಿ ಧನ್ಯವಾದ ಹೇಳುತ್ತಾರೆ, ಬ್ಯೂನಸ್ ಐರಿಸ್‌ನವರ ಬಾಯಲ್ಲಿ ಈ ಪದ ‘ಶಾ’ ಎಂದೇ ಕೇಳಿಸುತ್ತದೆ. ಕಿವಿ ಪಳಗದಿದ್ದರೆ ಅದೇ ಪದ ಎಂದು ಗುರುತು ಹತ್ತುವುದಿಲ್ಲ.

ಇವೆಲ್ಲಕ್ಕಿಂತ ತೊಡಕಿನದು ‘ಯಾ ಮಿಸ್ಮೋ’. ಅರ್ಜೆಂಟೀನಾದಲ್ಲಿ ‘ಈ ಕ್ಷಣವೇ’. ಪೋರ್ಟೊರಿಕೋದಲ್ಲಿ, ಎಕ್ವಡೋರ್‌ನಲ್ಲಿ ‘ಇನ್ನು ಸ್ವಲ್ಪ ಹೊತ್ತಿಗೆ’. ‘ಡಾಕ್ಟರು ಯಾ ಮಿಸ್ಮೋ ಬರುತ್ತಾರೆ’ ಎಂದರೆ ಒಬ್ಬರು ಬಾಗಿಲ ಕಡೆ ತಿರುಗುತ್ತಾರೆ, ಇನ್ನೊಬ್ಬರು ದಿಂಬಿಗೆ ಒರಗುತ್ತಾರೆ. ವಾರ್ಡಿನಲ್ಲಿ ಎಷ್ಟು ನಿಮಿಷ ಎಂದು ಹೇಳಿಬಿಡುವುದು ಒಳ್ಳೆಯದು.

8. ತೀರಿಕೊಂಡವರ ಬಗ್ಗೆ ಬರುವ ‘ಯಾ’

ಮನೆತನದ ಕಾಯಿಲೆಗಳನ್ನು ಕೇಳುವಾಗ ಇದು ಬರುತ್ತದೆ. ನಿಮ್ಮ ತಂದೆಗೆ ಹೃದಯದ ತೊಂದರೆ ಇತ್ತೇ? ‘ಮಿ ಪಪಾ ಯಾ ಫಯೆಸಿಯೋ.’ ಅಪ್ಪ ತೀರಿಕೊಂಡರು. ಇದನ್ನು ‘ಆಲ್‌ರೆಡಿ’ ಹಾಕಿ ಇಂಗ್ಲಿಷಿಗೆ ತಂದರೆ, ಸಾಯುವುದನ್ನೇ ಕಾಯುತ್ತಿದ್ದರೇನೋ ಎಂಬಂತೆ ಕೇಳಿಸುತ್ತದೆ. ಹೇಳುವವರ ದುಃಖಕ್ಕೆ ಅದು ಅನ್ಯಾಯ. ಇಂಗ್ಲಿಷ್‌ನಲ್ಲಿ ಇಲ್ಲಿ ಯಾವ ಪದವೂ ಬೇಡ.

ಬಹುಕಾಲ ನರಳಿದವರ ಬಗ್ಗೆ ಮೆಕ್ಸಿಕೋದವರು ‘ಯಾ ದೆಸ್ಕಾನ್ಸೋ’ ಎನ್ನುತ್ತಾರೆ, ಅಂತೂ ವಿಶ್ರಾಂತಿ ಸಿಕ್ಕಿತು ಎಂದು. ಐಸಿಯು ಹೊರಗೆ ಈ ಮಾತನ್ನು ಕೇಳಿದ ಹೊಸ ಡಾಕ್ಟರು ರೋಗಿಗೆ ನಿದ್ದೆ ಬಂದಿತೆಂದು ತಿಳಿಯಬಾರದು. ಇಂಥ ಕಡೆ ಸರಿಯಾಗಿ ದಾಟಿಸುವುದು ನಾನು ಈ ಕೆಲಸದಲ್ಲಿ ಬಹಳ ಜತನದಿಂದ ಮಾಡುವ ಸಂಗತಿ.

9. ಬೀದಿಗಿಳಿದ ‘ಯಾ’

ಆಸ್ಪತ್ರೆಯ ಹೊರಗೆ ಈ ಪದಕ್ಕೆ ರಾಜಕೀಯದ ಬದುಕೂ ಇದೆ. 1994ರ ಜನವರಿ 1ರಂದು, ಅಮೆರಿಕ, ಕೆನಡಾ, ಮೆಕ್ಸಿಕೋಗಳ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ದಿನವೇ, ಮೆಕ್ಸಿಕೋದ ಚಿಯಾಪಸ್ ಪ್ರಾಂತ್ಯದಲ್ಲಿ ಸಪತಿಸ್ತಾ ಬಂಡುಕೋರರು ಎದ್ದರು. ‘ಯಾ ಬಾಸ್ತಾ’ ಎಂಬ ಅವರ ಘೋಷಣೆ ಜಗತ್ತಿನ ನಾನಾ ಕಡೆ ಹಬ್ಬಿತು. ‘ಬಾಸ್ತಾ’ ಒಂದೇ ಇದ್ದರೆ ‘ಸಾಕು’. ‘ಯಾ’ ಸೇರಿದಾಗ ಇಲ್ಲಿಯವರೆಗೆ ಸಹಿಸಿದ್ದೆವು, ಇನ್ನಿಲ್ಲ ಎಂಬ ಭಾರ ಬರುತ್ತದೆ. 2011ರ ಮೇ 15ರಂದು ಸ್ಪೇನ್‌ನ ನಗರಗಳಲ್ಲಿ ಜನ ಚೌಕಗಳಿಗೆ ಇಳಿದಾಗ ಕರೆ ಕೊಟ್ಟ ವೇದಿಕೆಯ ಹೆಸರಿನ ಕೊನೆಯಲ್ಲೂ ಇದೇ ಪದವಿತ್ತು: ನಿಜವಾದ ಪ್ರಜಾಪ್ರಭುತ್ವ ಈಗಲೇ ಬೇಕು ಎಂದು. ಮ್ಯಾಡ್ರಿಡ್‌ನಲ್ಲಿ 1935ರಲ್ಲಿ ಶುರುವಾದ ಒಂದು ದಿನಪತ್ರಿಕೆಯ ಹೆಸರೇ ‘ಯಾ’ ಎಂದಿತ್ತು.

10. ‘ಯಾ ಕೆ’ಯನ್ನು ಬಿಡಿಸಬೇಡಿ

ಇದು ಒಂದೇ ಸಾಲಿನ ಪಾಠ. ‘ಯಾ ಕೆ’ ಎಂದರೆ ‘ಆಗಿರುವುದರಿಂದ’, ‘ಹೇಗೂ ಆಗಿದೆಯಲ್ಲ’. ‘ಯಾ ಕೆ ಎಸ್ತಾ ಆಕೀ’ ಎಂದರೆ ‘ಹೇಗೂ ಬಂದಿದ್ದೀರಲ್ಲ’. ಹೇಗೂ ಬಂದಿದ್ದೀರಲ್ಲ, ಬಿಪಿಯನ್ನೂ ನೋಡಿಬಿಡೋಣ.

11. ಕನ್ನಡದವರು ಇಂಗ್ಲಿಷ್ ದಾರಿ ಹಿಡಿಯಬೇಕಿಲ್ಲ

ನನ್ನ ತರಗತಿಗೆ ಆಗಾಗ ಕನ್ನಡದವರೂ ಬರುತ್ತಾರೆ. ಹ್ಯೂಸ್ಟನ್‌ನಲ್ಲಿ ನಮ್ಮವರಿಗೆ ಕೊರತೆಯಿಲ್ಲ. ಅವರೂ ಮೊದಲು ಇಂಗ್ಲಿಷ್ ಪುಸ್ತಕ ಹಿಡಿದು ‘ಆಲ್‌ರೆಡಿ’ಯಿಂದಲೇ ಶುರು ಮಾಡುತ್ತಾರೆ. ಅದನ್ನು ಬಿಡಿಸುವುದು ನನ್ನ ಮೊದಲ ಕೆಲಸ. ಅಡುಗೆಮನೆಯಿಂದ ಅಮ್ಮ ಕರೆದಾಗ ಕುಳಿತಲ್ಲಿಂದಲೇ ‘ಬಂದೆ, ಬಂದೆ’ ಎನ್ನುತ್ತೇವೆ. ಇನ್ನೂ ಎದ್ದೇ ಇಲ್ಲ, ಆದರೂ ಭೂತಕಾಲ. ಸ್ಪ್ಯಾನಿಷ್‌ನ ‘ಯಾ ವೊಯ್’ ಅದೇ. ‘ಆಯ್ತು’ ಎಂದು ಒಂದೇ ಮಾತಿನಲ್ಲಿ ಕೆಲಸ ಮುಗಿದದ್ದನ್ನೂ ಹೇಳುತ್ತೇವೆ, ಎದುರಿನವರ ಮಾತಿಗೆ ಹೂಂಗುಟ್ಟುವುದನ್ನೂ ಮಾಡುತ್ತೇವೆ. ‘ಯಾ’ ಎರಡನ್ನೂ ಮಾಡುತ್ತದೆ. ‘ಇನ್ನೂ’ ಮತ್ತು ‘ಇನ್ನು’ ನಡುವೆ ಸ್ವರದ ಉದ್ದವೊಂದರಲ್ಲೇ ವ್ಯತ್ಯಾಸ ಹಿಡಿಯುವ ನಮ್ಮ ಕಿವಿಗೆ, ‘ತೊದವಿಯಾ’ ಮತ್ತು ‘ಯಾ ನೋ’ ನಡುವಿನ ದಾರಿ ಇಂಗ್ಲಿಷ್ ಮಾತಿನವರಿಗಿಂತ ಬೇಗ ಕಾಣುತ್ತದೆ.

ಬೆಂಗಳೂರಿನಲ್ಲಿ ಕುಳಿತು ಮೆಕ್ಸಿಕೋದ ಮೊಂತೆರೇಯ್, ಗ್ವಾದಲಹಾರಾ ಕಚೇರಿಗಳ ಜೊತೆ ಕೆಲಸ ಮಾಡುವ ಐಟಿ ಮಂದಿಗೂ ಇದು ಉಪಯೋಗಕ್ಕೆ ಬರುತ್ತದೆ. ಅಲ್ಲಿಯವರು ಚಾಟ್‌ನಲ್ಲಿ ‘ಯಾ ಕೆದೋ’ ಎಂದು ಬರೆದರೆ ‘ಆಯ್ತು, ಸರಿಹೋಯ್ತು’, ಟಿಕೆಟ್ ಮುಚ್ಚಬಹುದು. ‘ಯಾ ಮೇರೋ ಕೇದಾ’ ಎಂದರೆ ಇನ್ನೇನು ಆಗುತ್ತೆ, ಆದರೆ ಆಗಿಲ್ಲ. ಸಾಲಿನ ಮೊದಲ ‘ಯಾ’ ನೋಡಿ ಮ್ಯಾನೇಜರಿಗೆ ‘ಮುಗಿದಿದೆ’ ಎಂದು ವರದಿ ಕಳಿಸುವ ಮೊದಲು ಎರಡನೆಯ ಪದವನ್ನೂ ಓದಬೇಕು.